ಒಂದು ಕಾರ್ಡ್, ಮೂರು ದಾರಿ: ಯಾವುದನ್ನು ಆರಿಸೋದು?

ಹೋದ ಸಂಚಿಕೆಯಲ್ಲಿ ಕಾರ್ಡ್ ಆಟಗಳಿಗೆ ಡೆಕ್, ಅಂದರೆ ಆಡಲು ಆರಿಸಿಟ್ಟುಕೊಂಡ ಕಾರ್ಡ್‌ಗಳ ಕಟ್ಟು, ಜೋಡಿಸುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದು ನಿಂತಿವೆ: "ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ" ಎಂದು ಬರೆದಿರುವ ಕಾರ್ಡ್‌ಗಳು. ಆಡುವವರು ಇವನ್ನು ಮೋಡಲ್ ಕಾರ್ಡ್ ಎನ್ನುತ್ತಾರೆ, ಒಂದೊಂದು ಆಯ್ಕೆಗೂ ಮೋಡ್ ಎನ್ನುತ್ತಾರೆ. ನನಗೆ ತುಂಬಾ ಇಷ್ಟದ ವಿಷಯ ಇದು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆ ವರಾಂಡದಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳು ಆಡಲು ಬರುತ್ತಾರೆ. ಅಲ್ಲಿ ಜಾಸ್ತಿ ಚರ್ಚೆ, ಜಾಸ್ತಿ ಜಗಳ ಎರಡೂ ಈ ಕಾರ್ಡ್‌ಗಳ ಮೇಲೇ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಅಕ್ಕಾ, ನಾನು ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದ್ತಿದ್ದೀನಿ. ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡ್ತೀನಿ. ಮೂರು ಕೆಲಸ ಮಾಡೋ ಕಾರ್ಡ್ ಇರುವಾಗ ಒಂದೇ ಕೆಲಸದ ಕಾರ್ಡ್ ಯಾಕೆ ಅಂತ ಡೆಕ್ ತುಂಬಾ ಅಂಥವನ್ನೇ ಹಾಕಿದ್ದೀನಿ. ರೂಮ್‌ಮೇಟ್ ಮಾತ್ರ "ಎಲ್ಲ ಬಲ್ಲವ ಯಾವುದನ್ನೂ ನೆಟ್ಟಗೆ ಮಾಡಲ್ಲ" ಅಂತಾನೆ. ಯಾರು ಸರಿ?

ಉತ್ತರ: ತಮ್ಮಾ, ಮೊದಲು ನಿನ್ನ ರೂಮ್‌ಮೇಟ್ ಪರವಾಗಿ ಮಾತಾಡುತ್ತೇನೆ. ಮ್ಯಾಜಿಕ್ ಶುರುವಾದದ್ದು 1993ರಲ್ಲಿ. ರಿಚರ್ಡ್ ಗಾರ್ಫೀಲ್ಡ್ ಮಾಡಿದ ಆ ಮೊದಲ ಸೆಟ್‌ನಲ್ಲೇ ಆಟದ ಐದು ಬಣ್ಣಕ್ಕೆ ಬಣ್ಣಕ್ಕೊಂದರಂತೆ ಐದು ಕಾರ್ಡ್ ಇದ್ದವು. ಒಂದೊಂದಕ್ಕೂ ಬೆಲೆ ಒಂದು ಮಾನಾ (ಕಾರ್ಡ್ ಹಾಕಲು ಕೊಡಬೇಕಾದ ಶಕ್ತಿ), ಎಲ್ಲವೂ 'ಮೂರು' ಏನನ್ನೋ ಕೊಡುತ್ತಿದ್ದವು. ನೀಲಿಯ ಆನ್ಸೆಸ್ಟ್ರಲ್ ರೀಕಾಲ್ ಮೂರು ಕಾರ್ಡ್ ಕೊಡುತ್ತಿತ್ತು. ಕಪ್ಪಿನ ಡಾರ್ಕ್ ರಿಚುಯಲ್ ಮೂರು ಮಾನಾ. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಪೆಟ್ಟು. ಹಸಿರಿನ ಜೈಂಟ್ ಗ್ರೋತ್ ಒಂದು ಜೀವಿಗೆ ಮೂರು ಬಲ, ಮೂರು ತಾಳಿಕೆ. ಬಿಳಿಯ ಹೀಲಿಂಗ್ ಸಾಲ್ವ್‌ಗೆ ಮಾತ್ರ ಎರಡು ಮೋಡ್: ಮೂರು ಲೈಫ್ (ಆಟಗಾರನ ಪ್ರಾಣದ ಅಂಕ) ಪಡೆ, ಇಲ್ಲವೇ ಬರುವ ಮೂರು ಪೆಟ್ಟು ತಡೆ. ಐದರಲ್ಲಿ 'ಆರಿಸಿಕೋ' ಎಂದದ್ದು ಅದೊಂದೇ. ಐದರಲ್ಲಿ ತೀರಾ ಸಪ್ಪೆ ಕಾರ್ಡ್ ಕೂಡ ಅದೇ! ಎರಡು ಸಣ್ಣ ಲಾಭಗಳ ನಡುವೆ ಆಯ್ಕೆ ಕೊಟ್ಟರೆ ಕೊನೆಗೆ ಸಿಗೋದು ಒಂದು ಸಣ್ಣ ಲಾಭವೇ. ಇನ್ನೊಂದು ಗಮನಿಸು. ಲೈಟ್ನಿಂಗ್ ಬೋಲ್ಟ್ ಮೇಲೆ ಮೋಡ್ ಅಂತ ಏನೂ ಬರೆದಿಲ್ಲ. ಆದರೂ ಅದನ್ನು ಎದುರಾಳಿಯ ಜೀವಿಗೆ ಹೊಡೆಯಬಹುದು, ನೇರ ಎದುರಾಳಿಗೇ ಹೊಡೆಯಬಹುದು. ನಿಜವಾದ ಆಯ್ಕೆ ಅಲ್ಲಿದೆ.

ಈಗ ನಿನ್ನ ಕಡೆಯ ಮಾತು. ಇದಕ್ಕೆ ಇಝೆಟ್ ಚಾರ್ಮ್ ಎಂಬ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2012ರ ರಿಟರ್ನ್ ಟು ರಾವ್ನಿಕಾ ಸೆಟ್‌ನದು. ಒಂದು ನೀಲಿ, ಒಂದು ಕೆಂಪು, ಒಟ್ಟು ಎರಡು ಮಾನಾ. ಮೂರು ಮೋಡ್. ಒಂದು, ಎದುರಾಳಿಯ ಜೀವಿಯಲ್ಲದ ಸ್ಪೆಲ್ (ಮಾನಾ ಕೊಟ್ಟು ಹಾಕಿದ ಕಾರ್ಡ್) ಅನ್ನು ಅವನು ಇನ್ನೆರಡು ಮಾನಾ ಕೊಡದಿದ್ದರೆ ಕೌಂಟರ್ ಮಾಡು, ಅಂದರೆ ಕೆಲಸ ಮಾಡದಂತೆ ತಡೆ. ಎರಡು, ಒಂದು ಜೀವಿಗೆ ಎರಡು ಪೆಟ್ಟು ಕೊಡು. ಮೂರು, ಎರಡು ಕಾರ್ಡ್ ಎತ್ತಿಕೊಂಡು ಎರಡು ಬಿಸಾಡು.

ಈ ಮೂರೂ ಕೆಲಸಕ್ಕೆ ಬೇರೆ ಬೇರೆ ಕಾರ್ಡ್‌ಗಳಿವೆ. ಮೊದಲನೆಯದನ್ನು ಸ್ಪೆಲ್ ಪಿಯರ್ಸ್ ಒಂದೇ ಮಾನಾಕ್ಕೆ ಮಾಡುತ್ತದೆ. ಎರಡನೆಯದನ್ನು ಶಾಕ್ ಒಂದೇ ಮಾನಾಕ್ಕೆ ಮಾಡುತ್ತದೆ, ಮೇಲಾಗಿ ಅದು ಎದುರಾಳಿಗೂ ತಾಗುತ್ತದೆ. ಮೂರನೆಯದಕ್ಕೆ ಫೇತ್‌ಲೆಸ್ ಲೂಟಿಂಗ್, ಅದೂ ಒಂದು ಮಾನಾ. ಅಂದರೆ ಇಝೆಟ್ ಚಾರ್ಮ್ ಹಾಕಿದಾಗಲೆಲ್ಲ ನೀನು ಒಂದು ಮಾನಾ ಜಾಸ್ತಿ ಕೊಡುತ್ತಿದ್ದೀಯ. ಆ ಒಂದು ಮಾನಾ ಆಯ್ಕೆಯ ಬೆಲೆ. ಎಲ್ಲ ಮೋಡಲ್ ಕಾರ್ಡ್‌ನಲ್ಲೂ ಈ ಬೆಲೆ ಎಲ್ಲೋ ಒಂದು ಕಡೆ ಇರುತ್ತದೆ. ಕೆಲವದರಲ್ಲಿ ಮಾನಾದಲ್ಲಿ, ಕೆಲವದರಲ್ಲಿ ಪೆಟ್ಟು ಕಡಿಮೆ ಇರುವುದರಲ್ಲಿ, ಕೆಲವದರಲ್ಲಿ ಎರಡು ಬಣ್ಣ ಬೇಕಾಗುವುದರಲ್ಲಿ.

ಹಾಗಿದ್ದರೆ ಆ ಬೆಲೆ ಯಾಕೆ ಕೊಡಬೇಕು? ಕೈಯಲ್ಲಿ ಸುಮ್ನೆ ಕೂರುವ ಕಾರ್ಡ್‌ಗೆ ಹೆದರಿ. ಯಂತ್ರ, ಆಯುಧ, ಅಂದರೆ ಆರ್ಟಿಫ್ಯಾಕ್ಟ್ ಒಡೆಯುವುದಷ್ಟೇ ಗೊತ್ತಿರುವ ಕಾರ್ಡ್ ನಾಲ್ಕು ಪ್ರತಿ ಹಾಕಿದ್ದೀಯ ಅಂದುಕೋ. 60 ಕಾರ್ಡಿನ ಡೆಕ್‌ನಲ್ಲಿ ಮೊದಲ ಏಳು ಕಾರ್ಡ್ ಎತ್ತಿದಾಗ ಅದರಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಎದುರಿನವನ ಹತ್ತಿರ ಆರ್ಟಿಫ್ಯಾಕ್ಟೇ ಇಲ್ಲದಿದ್ದರೆ ಆಟ ಶುರುವಾಗುವ ಮೊದಲೇ ಏಳರಲ್ಲಿ ಒಂದು ಕಾರ್ಡ್ ಸತ್ತ ಹಾಗೆ. ಅದರ ಬದಲು 2015ರ ಕೊಲಗನ್ಸ್ ಕಮಾಂಡ್ ಹಾಕಿ ನೋಡು. ಮೂರು ಮಾನಾ, ನಾಲ್ಕು ಮೋಡ್, ಎರಡನ್ನು ಆರಿಸಬೇಕು: ಆರ್ಟಿಫ್ಯಾಕ್ಟ್ ಒಡೆ, ಎರಡು ಪೆಟ್ಟು ಕೊಡು, ಒಬ್ಬ ಆಟಗಾರನಿಂದ ಒಂದು ಕಾರ್ಡ್ ಬಿಸಾಡಿಸು, ನಿನ್ನ ಗ್ರೇವ್‌ಯಾರ್ಡ್‌ನಿಂದ (ಸತ್ತ, ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಿಂದ) ಒಂದು ಜೀವಿ ಕಾರ್ಡನ್ನು ಕೈಗೆ ತಗೋ. ಆರ್ಟಿಫ್ಯಾಕ್ಟ್ ಇದ್ದರೆ ಒಡೆಯುತ್ತದೆ. ಇಲ್ಲದಿದ್ದರೆ ಅವನ ಸಣ್ಣ ಜೀವಿಯನ್ನು ಕೊಂದು, ಸತ್ತ ನಿನ್ನ ಜೀವಿಯನ್ನು ವಾಪಸ್ ತರುತ್ತದೆ. ಒಂದು ಕಾರ್ಡ್ ಕೊಟ್ಟು ಎರಡು ಕಾರ್ಡಿನ ಕೆಲಸ ಮಾಡಿಸಿಕೊಂಡೆ, ಅಲ್ವಾ?

ರಮ್ಮಿ ಆಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜೋಕರ್‌ಗೆ ಬೆಲೆ ಬರುವುದು ಅದು ಎಲ್ಲಿ ಬೇಕಾದರೂ ಕೂರುತ್ತದೆ ಅಂತ.

ನನ್ನ ತೀರ್ಮಾನ ಇದು. ನಿನ್ನ ಡೆಕ್ ಒಂದೇ ಗುರಿ ಇಟ್ಟುಕೊಂಡು ವೇಗವಾಗಿ ಹೊಡೆಯುವ ಡೆಕ್ ಆಗಿದ್ದರೆ ರೂಮ್‌ಮೇಟ್ ಮಾತು ಕೇಳು. ನಿನಗೆ ಬೇಕಾದದ್ದು ಯಾವಾಗಲೂ ಅದೇ ಒಂದು, ಆಯ್ಕೆಗೆ ಮಾನಾ ಸುರಿಯಬೇಡ. ಆಟ ಉದ್ದ ಎಳೆಯುವ, ಎದುರಾಳಿಗೆ ತಕ್ಕ ಹಾಗೆ ಉತ್ತರ ಕೊಡುವ ಡೆಕ್ ಆಗಿದ್ದರೆ ಮೋಡಲ್ ಕಾರ್ಡ್ ಧಾರಾಳವಾಗಿ ಹಾಕು. ಒಂದೊಂದು ಕಾರ್ಡ್ ಹಿಡಿದು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದರಲ್ಲಿ ಎಷ್ಟು ಮೋಡ್ ನನ್ನ ಡೆಕ್‌ಗೆ ನಿಜವಾಗಿ ಉಪಯೋಗ? ಒಂದೇ ಅಂತಾದರೆ ಅದೇ ಕೆಲಸ ಅಗ್ಗಕ್ಕೆ ಮಾಡುವ ಕಾರ್ಡ್ ಹುಡುಕು.

ಪ್ರಶ್ನೆ: ಟೀಚರ್, ನಾವು ನಿಟುವಳ್ಳಿ ಹುಡುಗ್ರು. ನಾನು ಕ್ರಿಪ್ಟಿಕ್ ಕಮಾಂಡ್ ಹಾಕ್ದೆ. ಫ್ರೆಂಡ್ "ಯಾವ ಎರಡು?" ಅಂದ. "ನೀನು ಏನು ಮಾಡ್ತೀಯೋ ನೋಡ್ಕೊಂಡು ಹೇಳ್ತೀನಿ" ಅಂದೆ. ಅವನು ಒಪ್ಪಲಿಲ್ಲ. ಅವತ್ತಿಂದ ಮಾತು ಬಿಟ್ಟಿದ್ದಾನೆ. ನಿಯಮ ಏನು ಹೇಳುತ್ತೆ?

ಉತ್ತರ: ನಿಯಮ ಅವನ ಕಡೆಗಿದೆ. ಹೋಗಿ ಮಾತಾಡಿಸು.

ಗೊತ್ತಿಲ್ಲದವರಿಗಾಗಿ: ಕ್ರಿಪ್ಟಿಕ್ ಕಮಾಂಡ್ 2007ರ ಲಾರ್ವಿನ್ ಸೆಟ್‌ನ ನಾಲ್ಕು ಮಾನಾ ಕಾರ್ಡ್. ಒಂದು ಸ್ಪೆಲ್ ಕೌಂಟರ್ ಮಾಡು, ಆಟದಲ್ಲಿರುವ ಒಂದು ಕಾರ್ಡನ್ನು ಅದರ ಒಡೆಯನ ಕೈಗೆ ಕಳಿಸು, ಎದುರಾಳಿಯ ಎಲ್ಲ ಜೀವಿಗಳನ್ನು ಟ್ಯಾಪ್ ಮಾಡು (ಅಡ್ಡ ತಿರುಗಿಸಿ ಸುಮ್ಮನಿರಿಸು), ಒಂದು ಕಾರ್ಡ್ ಎತ್ತಿಕೋ. ನಾಲ್ಕರಲ್ಲಿ ಎರಡು. ಲೆಕ್ಕ ಹಾಕಿದರೆ ಆರು ಜೋಡಿ.

ಮ್ಯಾಜಿಕ್‌ನಲ್ಲಿ ಸ್ಪೆಲ್ ಹಾಕುವ ಕ್ರಮ ಹೀಗೆ: ಕಾರ್ಡ್ ತೋರಿಸು, ಮೋಡ್ ಹೇಳು, ಟಾರ್ಗೆಟ್ (ಯಾರ ಮೇಲೆ, ಯಾವುದರ ಮೇಲೆ ಎಂದು) ಹೇಳು, ಆಮೇಲೆ ಮಾನಾ ಕೊಡು. ಇಷ್ಟೂ ಆದ ಮೇಲೆ ಎದುರಾಳಿಗೆ ಉತ್ತರ ಕೊಡುವ ಅವಕಾಶ. ಅವನು ಏನು ಮಾಡುತ್ತಾನೆ ಎಂದು ನೋಡಿ ಮೋಡ್ ಬದಲಿಸುವ ಹಾಗಿಲ್ಲ. ಯಾರಾದರೂ ನಿನ್ನ ಸ್ಪೆಲ್‌ನ ಕಾಪಿ ಮಾಡಿದರೂ ಕಾಪಿಗೆ ಅದೇ ಮೋಡ್‌ಗಳು. ನನಗೆ ಈ ನಿಯಮ ತುಂಬಾ ನ್ಯಾಯವಾಗಿ ಕಾಣುತ್ತದೆ. ಎದುರಿನವನಿಗೆ ತಾನು ಯಾವುದಕ್ಕೆ ಉತ್ತರ ಕೊಡುತ್ತಿದ್ದೇನೆ ಎಂದು ಗೊತ್ತಿರಬೇಕಲ್ಲ.

ಇದರಲ್ಲೇ ಒಂದು ಸೂಕ್ಷ್ಮ ಇದೆ, ಎಲ್ಲರೂ ಎಡವುವುದು ಇಲ್ಲೇ. ನೀನು 'ಕೌಂಟರ್' ಮತ್ತು 'ಒಂದು ಕಾರ್ಡ್ ಎತ್ತು' ಆರಿಸಿದೆ. ಅಷ್ಟರಲ್ಲಿ ನೀನು ಕೌಂಟರ್ ಮಾಡಬೇಕಿದ್ದ ಸ್ಪೆಲ್ ಬೇರೆ ಯಾವುದೋ ಕಾರಣಕ್ಕೆ ಸ್ಟ್ಯಾಕ್‌ನಿಂದ (ಕೆಲಸ ಮಾಡಲು ಕಾಯುತ್ತಿರುವ ಸ್ಪೆಲ್‌ಗಳ ಸಾಲಿನಿಂದ) ಹೋಯಿತು. ಆಗ ನಿನಗೆ ಕಾರ್ಡೂ ಸಿಗುವುದಿಲ್ಲ. ಇದ್ದ ಒಂದೇ ಟಾರ್ಗೆಟ್ ಮಾಯವಾದ್ದರಿಂದ ಇಡೀ ಕಮಾಂಡ್ ಬಿದ್ದುಹೋಗುತ್ತದೆ. ಅದೇ 'ಕೌಂಟರ್' ಜೊತೆ 'ಕೈಗೆ ಕಳಿಸು' ಆರಿಸಿದ್ದರೆ ಟಾರ್ಗೆಟ್ ಎರಡು. ಒಂದು ಹೋದರೂ ಇನ್ನೊಂದು ಉಳಿದಿದ್ದರೆ ಅಷ್ಟು ಕೆಲಸ ಆಗಿಯೇ ಆಗುತ್ತದೆ.

ಆದರೆ ಎಲ್ಲ ಆಯ್ಕೆಯೂ ಮೊದಲೇ ಹೇಳುವಂಥದ್ದಲ್ಲ. ಗಾಡ್ಸ್ ವಿಲ್ಲಿಂಗ್ ಕಾರ್ಡ್ ನೋಡು. ನಿನ್ನ ಒಂದು ಜೀವಿಗೆ ನೀನು ಹೇಳಿದ ಬಣ್ಣದಿಂದ ರಕ್ಷಣೆ ಕೊಡುತ್ತದೆ. ಯಾವ ಬಣ್ಣ ಎಂದು ಹೇಳಬೇಕಾದ್ದು ಕಾರ್ಡ್ ಕೆಲಸ ಮಾಡುವ ಹೊತ್ತಿಗೆ, ಹಾಕುವಾಗ ಅಲ್ಲ. ಗುರುತು ಸುಲಭ. ಆಯ್ಕೆಗಳನ್ನು ಮೊದಲೇ ಬಿಡಿಬಿಡಿಯಾಗಿ ಪಟ್ಟಿ ಮಾಡಿದ್ದರೆ ಹಾಕುವಾಗಲೇ ಹೇಳು. ಆಯ್ಕೆ ವಾಕ್ಯದ ಮಧ್ಯದಲ್ಲಿ, ಕೆಲಸದ ಭಾಗವಾಗಿ ಬಂದರೆ ಸಾಮಾನ್ಯವಾಗಿ ಆ ಕೆಲಸ ನಡೆಯುವಾಗ ಹೇಳು. ನೀವು ಯುಗಿಯೋ ಎಂಬ ಇನ್ನೊಂದು ಕಾರ್ಡ್ ಆಟ ಕೂಡ ಆಡುತ್ತೀರಿ ಅಂತ ಬರೆದಿದ್ದೀರಿ. ಅಲ್ಲಿ ಟ್ರಿಪಲ್ ಟ್ಯಾಕ್ಟಿಕ್ಸ್ ಟ್ಯಾಲೆಂಟ್ ಹಾಕಿದಾಗ ಎರಡು ಕಾರ್ಡ್ ಎತ್ತುತ್ತೀರೋ, ಎದುರಾಳಿಯ ಮಾನ್‌ಸ್ಟರ್ ಕಿತ್ತುಕೊಳ್ಳುತ್ತೀರೋ, ಅವನ ಕೈ ನೋಡಿ ಒಂದು ಕಾರ್ಡನ್ನು ಡೆಕ್‌ಗೆ ಸೇರಿಸುತ್ತೀರೋ, ಅದನ್ನೂ ಹಾಕುವಾಗಲೇ ಹೇಳಬೇಕು.

ಪ್ರಶ್ನೆ: ಪೋಕೆಮಾನ್ ಕಾರ್ಡ್‌ಗಳಲ್ಲೂ ಇಂಥವು ಇದ್ದಾವಾ? – ಏಳನೇ ಕ್ಲಾಸ್, ಹರಿಹರ

ಉತ್ತರ: ಇದ್ದಾವೆ ಪುಟ್ಟಾ. 2022ರ ಸಿಲ್ವರ್ ಟೆಂಪೆಸ್ಟ್ ಸೆಟ್‌ನ ಸೆರೆನಾ ನೋಡು. ಕೈಯಿಂದ ಒಂದರಿಂದ ಮೂರು ಕಾರ್ಡ್ ಬಿಸಾಡಿ ಕೈಯಲ್ಲಿ ಐದಾಗುವವರೆಗೆ ಎತ್ತಿಕೋ, ಇಲ್ಲವೇ ಎದುರಾಳಿಯ ಬೆಂಚ್‌ನಲ್ಲಿರುವ (ಹಿಂದೆ ಕಾಯುವ ಸಾಲಿನಲ್ಲಿರುವ) ಒಂದು ಪೋಕೆಮಾನ್ ವಿ (ಬಲಶಾಲಿ ಪೋಕೆಮಾನ್‌ಗಳ ಒಂದು ಬಗೆ) ಅನ್ನು ಮುಂದಕ್ಕೆ ಎಳೆ. ಆಟದ ಶುರುವಿನಲ್ಲಿ ಮೊದಲನೆಯದು ಬೇಕು, ಕೊನೆಯಲ್ಲಿ ಎರಡನೆಯದು. ಒಂದೇ ಕಾರ್ಡ್ ಎರಡು ಹೊತ್ತಿಗೂ ಆಗುತ್ತದೆ. ಒಳ್ಳೆಯ ಮೋಡಲ್ ಕಾರ್ಡ್ ಅಂದರೆ ಹೀಗಿರಬೇಕು.

ಪ್ರಶ್ನೆ: ಮೇಡಂ, ನಮ್ಮ ಮನೆ ಪಿ.ಜೆ. ಬಡಾವಣೆಯಲ್ಲಿ. ಮಗ ಒಂಬತ್ತನೇ ಕ್ಲಾಸ್. ಚಿಕ್ಕಪ್ಪನ ಮಕ್ಕಳ ಜೊತೆ ಕಾರ್ಡ್ ಆಡ್ತಾನೆ. ಆರಿಸೋ ಕಾರ್ಡ್ ಬಂದರೆ ಸಾಕು, ಕಲ್ಲಿನ ಹಾಗೆ ಕೂತುಬಿಡ್ತಾನೆ. ಅವರು ಕೂಗಾಡ್ತಾರೆ, ಇವನು ಅಳು ಮುಖ ಮಾಡ್ಕೊಂಡು ಎದ್ದು ಬರ್ತಾನೆ. ಇಂಗ್ಲಿಷ್ ಓದೋದೂ ಸ್ವಲ್ಪ ನಿಧಾನ. ಆಡೋದು ಬಿಡಿಸಲಾ?

ಉತ್ತರ: ಬಿಡಿಸಬೇಡಿ. ಅವನು ಯೋಚನೆ ಮಾಡುತ್ತಿದ್ದಾನೆ, ಅದು ಒಳ್ಳೆಯದೇ. ಯೋಚನೆ ಮಾಡುವ ಹೊತ್ತು ಮಾತ್ರ ಬದಲಾಗಬೇಕು.

ಈ ವಯಸ್ಸಿನ ಮಕ್ಕಳು ತಮ್ಮ ಸರದಿ ಬಂದ ಮೇಲೆ ಕಾರ್ಡ್ ಓದಲು ಶುರು ಮಾಡುತ್ತಾರೆ. ಎದುರಿನವನ ಸರದಿಯಲ್ಲೇ ಓದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಆಮೇಲೆ ನಾಲ್ಕು ಮೋಡ್ ಒಟ್ಟಿಗೆ ತೂಗಬೇಡ ಎಂದು ಹೇಳಿಕೊಡಿ. ಮೊದಲು ಒಂದೇ ಪ್ರಶ್ನೆ: "ಮುಂದಿನ ಸರದಿಯಲ್ಲಿ ನಾನು ಸೋಲ್ತೀನಾ?" ಹೌದಾದರೆ ಅದನ್ನು ತಡೆಯುವ ಮೋಡ್, ಮಾತೇ ಇಲ್ಲ. ಅಲ್ಲವಾದರೆ ಎರಡನೇ ಪ್ರಶ್ನೆ: "ಈಗಲೇ ಗೆಲ್ತೀನಾ?" ಹೌದಾದರೆ ಅದು. ಎರಡೂ ಅಲ್ಲದಿದ್ದರೆ ಮಾತ್ರ ಲಾಭ ಜಾಸ್ತಿ ಯಾವುದರಲ್ಲಿ ಎಂದು ನೋಡಲಿ. ನಾಲ್ಕು ಆಯ್ಕೆ ಹೀಗೆ ಒಂದೋ ಎರಡೋ ಆಗಿಬಿಡುತ್ತದೆ. ಇನ್ನೊಂದು, ಕಾರ್ಡನ್ನು ಈಗಲೇ ಹಾಕಲೇಬೇಕು ಅಂತ ಇಲ್ಲ. ಯಾವ ಮೋಡೂ ಅಷ್ಟು ಬೇಕಾಗಿಲ್ಲ ಅನ್ನಿಸಿದರೆ ಕೈಯಲ್ಲೇ ಇಟ್ಟುಕೊಳ್ಳಲಿ. ಮಕ್ಕಳಿಗೆ ಇದು ಹೊಳೆಯುವುದೇ ಇಲ್ಲ.

ಇಂಗ್ಲಿಷ್ ವಿಷಯಕ್ಕೆ ನಮ್ಮ ವರಾಂಡದ ಒಬ್ಬ ಹುಡುಗ ಮಾಡಿಕೊಂಡ ಉಪಾಯ ಹೇಳುತ್ತೇನೆ. ನೋಟ್‌ಬುಕ್ ಹಾಳೆಯನ್ನು ಕಾರ್ಡಿನಷ್ಟೇ ಅಳತೆಗೆ ಕತ್ತರಿಸಿ ಅದರ ಮೇಲೆ 'ಕೊಲಗನ್' ಎಂದು ಬರೆದು, ಕೆಳಗೆ ನಾಲ್ಕು ಸಾಲು: "ಒಡೆ. ಹೊಡೆ. ಬಿಸಾಡಿಸು. ವಾಪಸ್ ತಾ." ಅಷ್ಟೇ. ಆ ಚೀಟಿ ಪಕ್ಕದಲ್ಲಿ ಇಟ್ಟುಕೊಂಡು ಆಡುತ್ತಿದ್ದ. ಸ್ವಲ್ಪ ದಿನದಲ್ಲಿ ಚೀಟಿ ನೋಡುವುದನ್ನೇ ಬಿಟ್ಟ. ಇದು ಮನೆ ಆಟಕ್ಕೆ. ಟೂರ್ನಮೆಂಟ್‌ಗೆ ಹೋದರೆ ಅಲ್ಲಿಯ ನಿಯಮ ಬೇರೆ. ಮ್ಯಾಜಿಕ್ ಟೂರ್ನಮೆಂಟ್‌ನಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ, ತೀರಾ ನಿಧಾನ ಮಾಡಿದರೆ ಜಡ್ಜ್ ಎಚ್ಚರಿಕೆ ಕೊಡುತ್ತಾರೆ. ಚಿಕ್ಕಪ್ಪನ ಮಕ್ಕಳಿಗೂ ಒಂದು ಮಾತು ಹೇಳಿ ಮೇಡಂ. ಕೂಗಿದರೆ ಯಾರ ತಲೆಯೂ ಬೇಗ ಓಡುವುದಿಲ್ಲ.

ಪ್ರಶ್ನೆ: ನಮಸ್ಕಾರ. ಬ್ರೌಬೀಟ್ ಅಂತ ಒಂದು ಕೆಂಪು ಕಾರ್ಡ್ ಇದೆ. ಮೂರು ಮಾನಾಕ್ಕೆ ಐದು ಪೆಟ್ಟು, ಇಲ್ಲವೇ ಮೂರು ಕಾರ್ಡ್. ಎರಡೂ ಭರ್ಜರಿ. ಆದರೂ ನನಗೆ ಅದರಿಂದ ಒಂದು ಆಟವೂ ಗೆದ್ದ ನೆನಪಿಲ್ಲ. ಯಾಕೆ? – ಹೊಳಲ್ಕೆರೆಯ ಓದುಗ

ಉತ್ತರ: ಯಾಕೆಂದರೆ ಆರಿಸುವವರು ನೀವಲ್ಲ. ಕಾರ್ಡನ್ನು ಇನ್ನೊಮ್ಮೆ ಓದಿ. ಯಾವ ಆಟಗಾರ ಬೇಕಾದರೂ ಐದು ಪೆಟ್ಟು ತಿನ್ನಲು ಒಪ್ಪಬಹುದು. ಯಾರೂ ಒಪ್ಪದಿದ್ದರೆ ಮಾತ್ರ ಮೂರು ಕಾರ್ಡ್. ಎದುರಾಳಿಯ ಹತ್ತಿರ 20 ಲೈಫ್ ಇರುವಾಗ ನಿಮಗೆ ಕಾರ್ಡ್ ಬೇಕು, ಅವನು ನಗುನಗುತ್ತ ಐದು ಪೆಟ್ಟು ತಿನ್ನುತ್ತಾನೆ. ನಾಲ್ಕು ಲೈಫ್ ಉಳಿದಾಗ ನಿಮಗೆ ಪೆಟ್ಟು ಬೇಕು, ಅವನು ಕಾರ್ಡ್ ಎತ್ತಿಕೊಳ್ಳಿ ಎನ್ನುತ್ತಾನೆ. ಪ್ರತಿ ಸಲವೂ ನಿಮಗೆ ಸಿಗುವುದು ಆ ಹೊತ್ತಿಗೆ ಬೇಡದ್ದು. ಇಂಥ ಕಾರ್ಡನ್ನು ತೂಗುವಾಗ ಎರಡರಲ್ಲಿ ಕೆಟ್ಟದ್ದನ್ನು ಮಾತ್ರ ತೂಗಿ. ಅದೊಂದೇ ಬರೆದಿದ್ದರೆ ಈ ಮಾನಾ ಕೊಟ್ಟು ಹಾಕುತ್ತಿದ್ದೆನಾ ಎಂದು ಕೇಳಿಕೊಳ್ಳಿ.

ಹಾಗಂತ ಇಂಥವೆಲ್ಲ ಕಸ ಅಲ್ಲ. ವೆಕ್ಸಿಂಗ್ ಡೆವಿಲ್ ಒಂದೇ ಮಾನಾದ ಜೀವಿ, ನಾಲ್ಕು ಬಲ, ಮೂರು ತಾಳಿಕೆ. ಬಂದ ಕೂಡಲೇ ಎದುರಾಳಿ ನಾಲ್ಕು ಪೆಟ್ಟು ತಿಂದು ಅದನ್ನು ಕಳಿಸಿಬಿಡಬಹುದು. ಬರೀ ಪೆಟ್ಟಿನ ಮೇಲೇ ನಿಂತ ಡೆಕ್‌ಗೆ ಒಂದು ಮಾನಾಕ್ಕೆ ನಾಲ್ಕು ಪೆಟ್ಟು ಸಿಕ್ಕರೂ ಸಂತೋಷ, ಜೀವಿ ಉಳಿದರೂ ಸಂತೋಷ. ಆದರೆ ಆಟದ ಕೊನೆಯಲ್ಲಿ ಕೈಗೆ ಬಂದರೆ ಇದೂ ಸೊರಗುತ್ತದೆ.

ಎದುರಾಳಿಗೆ ಸ್ವಲ್ಪ ಅಧಿಕಾರ ಕೊಟ್ಟೂ ಗೆಲ್ಲುವ ಕಾರ್ಡ್ ಬೇಕಾದರೆ 2000ನೇ ಇಸವಿಯ ಫ್ಯಾಕ್ಟ್ ಆರ್ ಫಿಕ್ಷನ್ ಹುಡುಕಿ. ನಿಮ್ಮ ಡೆಕ್‌ನ ಮೇಲಿನ ಐದು ಕಾರ್ಡ್ ತೋರಿಸುತ್ತೀರಿ. ಎದುರಾಳಿ ಅವನ್ನು ಎರಡು ಗುಂಪು ಮಾಡುತ್ತಾನೆ. ಯಾವ ಗುಂಪು ಕೈಗೆ, ಯಾವುದು ಗ್ರೇವ್‌ಯಾರ್ಡ್‌ಗೆ ಎನ್ನುವುದು ನಿಮ್ಮ ಮಾತು. ಪಾಲು ಮಾಡುವವನು ಅವನು, ಆದರೆ ಕೊನೆಯ ಮಾತು ನಿಮ್ಮದು. ಅಲ್ಲೇ ಇರುವುದು ವ್ಯತ್ಯಾಸವೆಲ್ಲ.

ಪ್ರಶ್ನೆ: ಅಕ್ಕಾ, ನಾವು ಚಿತ್ರದುರ್ಗದ ಡಿಗ್ರಿ ಕಾಲೇಜಿನ ಗೆಳತಿಯರು. ಕೋಟೆಯ ಮೇಲೆ ಒಂದು ಕಾರ್ಡ್ ಆಟ ಮಾಡ್ತಿದ್ದೀವಿ. ಒಬ್ಬರು ಕೋಟೆ ಕಾಯೋರು, ಒಬ್ಬರು ಹೈದರಾಲಿ ಸೈನ್ಯ. ಓಬವ್ವನ ಕಾರ್ಡ್‌ಗೆ ನಾಲ್ಕು ಆಯ್ಕೆ ಇಟ್ಟಿದ್ದೀವಿ: ಒಬ್ಬ ಸೈನಿಕನನ್ನು ಹೊಡಿ, ಎರಡು ಕಾರ್ಡ್ ಎತ್ತು, ಮುರಿದ ಬಾಗಿಲು ಸರಿ ಮಾಡು, ಎದುರಾಳಿ ಕೈಯಿಂದ ಒಂದು ಕಾರ್ಡ್ ಬಿಸಾಡಿಸು. ಆಡಿದವರೆಲ್ಲ ಬರೀ ಕಾರ್ಡ್ ಎತ್ತೋದನ್ನೇ ಆರಿಸ್ತಾರೆ. ಓಬವ್ವ ಒನಕೆ ಎತ್ತೋದೇ ಇಲ್ಲ! ಏನು ಮಾಡೋಣ?

ಉತ್ತರ: ನಿಮ್ಮ ಪತ್ರ ಓದಿ ಎಷ್ಟು ಖುಷಿಯಾಯಿತು ಅಂದರೆ, ಅಂಕಣದಲ್ಲಿ ಜಾಗ ಬೇಕೆಂದು ಇನ್ನೆರಡು ಪತ್ರಗಳನ್ನು ಮುಂದಿನ ಸಂಚಿಕೆಗೆ ಹಾಕಿದ್ದೇನೆ.

ಕಾರ್ಡ್ ಎತ್ತುವುದನ್ನು ತೆಗೆದುಬಿಡಿ. ಮೊದಲ ಕೆಲಸ ಅದು. ಸೈನಿಕನನ್ನು ಹೊಡೆಯಲು ಸೈನಿಕ ಎದುರಿಗಿರಬೇಕು. ಬಾಗಿಲು ಸರಿ ಮಾಡಲು ಬಾಗಿಲು ಮುರಿದಿರಬೇಕು. ಕಾರ್ಡ್ ಎತ್ತಲು ಮಾತ್ರ ಯಾವ ಷರತ್ತೂ ಇಲ್ಲ, ಯಾವಾಗಲೂ ಲಾಭವೇ. ಮೇಲೆ ಹೇಳಿದ 1993ರ ಐದು ಕಾರ್ಡ್ ನೆನಪು ಮಾಡಿಕೊಳ್ಳಿ. ಎಲ್ಲವೂ 'ಮೂರು' ಕೊಡುತ್ತಿದ್ದವು. ಅದರಲ್ಲಿ ಮೂರು ಕಾರ್ಡ್ ಕೊಡುವ ಆನ್ಸೆಸ್ಟ್ರಲ್ ರೀಕಾಲ್ ಎಷ್ಟು ಜೋರಾಯಿತೆಂದರೆ ಇವತ್ತಿಗೂ ಲೆಗಸಿ ಬಗೆಯ ಆಟದಲ್ಲಿ ಅದಕ್ಕೆ ನಿಷೇಧವಿದೆ, ವಿಂಟೇಜ್‌ನಲ್ಲಿ ಡೆಕ್‌ಗೆ ಒಂದೇ ಪ್ರತಿ. ಕಾರ್ಡ್ ಎತ್ತುವ ಮೋಡ್ ಇಡಲೇಬೇಕು ಅಂದರೆ ಒಂದೇ ಕಾರ್ಡ್ ಇಡಿ, ಬೇರೆ ಏನೂ ತೋಚದಾಗ ಆರಿಸುವ ಹಾಗೆ. ಓಬವ್ವನಿಗೆ ಮಾತ್ರ ಅದೂ ಬೇಡ ಅನ್ನುತ್ತೇನೆ.

ಯಾಕೆ ಅಂದರೆ, ಎಲ್ಲ ಆಯ್ಕೆಯೂ ಒಂದೇ ವ್ಯಕ್ತಿಯ ಕೆಲಸದಂತೆ ಕಾಣಬೇಕು. ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಒಬ್ಬೊಬ್ಬರೇ ತೂರಿ ಬರುವುದನ್ನು ನೋಡುತ್ತಾಳೆ. ಆ ಕಿಂಡಿಯ ಮುಂದೆ ನಿಂತು ನೋಡಿದ್ದೀರಲ್ಲ, ಒಬ್ಬರು ಬಗ್ಗಿಕೊಂಡು ನುಸುಳುವಷ್ಟೇ ಜಾಗ. ಕಾರ್ಡ್ ಅಲ್ಲಿಂದಲೇ ಹುಟ್ಟಲಿ. ಮೊದಲ ಮೋಡ್: 'ಮುಂದಿನ ಸರದಿಯಲ್ಲಿ ಶತ್ರು ಒಬ್ಬನೇ ಸೈನಿಕನನ್ನು ಕಳಿಸಬಹುದು.' ಎರಡನೇ ಮೋಡ್: 'ದಾಳಿಗೆ ಬಂದ ಒಬ್ಬ ಸೈನಿಕನನ್ನು ಹೊಡಿ.' ದೊಡ್ಡ ಸೈನ್ಯ ಬಂದಾಗ ಮೊದಲನೆಯದು ಬೇಕು, ಬಲಶಾಲಿ ಒಬ್ಬನೇ ಬಂದಾಗ ಎರಡನೆಯದು. ಈಗ ಆರಿಸುವವರು ಎದುರಿನ ಮೇಜನ್ನು ನೋಡಿಯೇ ಆರಿಸಬೇಕು. ಬಾಗಿಲು ಸರಿ ಮಾಡುವುದನ್ನು ಬೇರೆ ಕಾರ್ಡ್‌ಗೆ ಕೊಡಿ. ಏಳು ಸುತ್ತಿನ ಕೋಟೆಯಲ್ಲಿ ಅದಕ್ಕೆ ಜನ ಇದ್ದೇ ಇರುತ್ತಾರೆ.

ಎರಡೇ ಮೋಡ್ ಸಪ್ಪೆ ಅನ್ನಿಸಿದರೆ, ಜಾಸ್ತಿ ಕೊಟ್ಟು ಎರಡೂ ಮಾಡಿಸಿಕೊಳ್ಳುವ ದಾರಿ ಇಡಿ. ಮ್ಯಾಜಿಕ್‌ನಲ್ಲಿ 2003ರಲ್ಲಿ ಎಂಟ್ವೈನ್ ಅಂತ ಬಂತು. ಟೂತ್ ಅಂಡ್ ನೇಲ್ ಕಾರ್ಡ್ ಏಳು ಮಾನಾಕ್ಕೆ ಡೆಕ್‌ನಿಂದ ಎರಡು ಜೀವಿ ಹುಡುಕಿ ಕೈಗೆ ಕೊಡುತ್ತದೆ, ಇಲ್ಲವೇ ಕೈಯಲ್ಲಿರುವ ಎರಡು ಜೀವಿಯನ್ನು ನೇರ ಮೇಜಿಗೆ ಇಳಿಸುತ್ತದೆ. ಇನ್ನೆರಡು ಮಾನಾ ಕೊಟ್ಟರೆ ಎರಡೂ. ಹುಡುಕಿದ ಜೀವಿಯೇ ಇಳಿಯುತ್ತದೆ! 2024ರಲ್ಲಿ ಬಂದ ಸ್ಪ್ರೀ ಕಾರ್ಡ್‌ಗಳಲ್ಲಿ ಒಂದೊಂದು ಮೋಡ್‌ಗೂ ಬೇರೆ ಬೆಲೆ, ದುಡ್ಡಿದ್ದಷ್ಟು ಆರಿಸಿಕೊಳ್ಳಬಹುದು. ನಿಮ್ಮ ಆಟದಲ್ಲಿ ಮಾನಾ ಬದಲು ಧಾನ್ಯ ಅಂತ ಬರೆದಿದ್ದೀರಿ. ಹಾಗಾದರೆ ಎರಡು ಧಾನ್ಯಕ್ಕೆ ಒಂದು ಮೋಡ್, ನಾಲ್ಕಕ್ಕೆ ಎರಡೂ ಅಂತ ಇಟ್ಟು ಆಡಿ ನೋಡಿ. ನಾಲ್ಕು ಕಡಿಮೆಯಾಯಿತು ಅನ್ನಿಸಿದರೆ ಐದು ಮಾಡಿ.

ಆಡಿಸುವಾಗ ಪಕ್ಕದಲ್ಲಿ ಒಬ್ಬರು ಹಾಳೆ ಹಿಡಿದು ಕೂರಿ. ಯಾವ ಮೋಡ್ ಎಷ್ಟು ಸಲ ಆರಿಸಿದರು ಎಂದು ಗೆರೆ ಹಾಕುತ್ತಾ ಹೋಗಿ. ಜೊತೆಗೆ, ಆರಿಸುವ ಮೊದಲು ತಡೆದು ಯೋಚನೆ ಮಾಡಿದರಾ ಎನ್ನುವುದನ್ನೂ ಗುರುತು ಮಾಡಿ. ಒಂದು ಮೋಡ್ ಪಕ್ಕ ಗೆರೆಯೇ ಬೀಳದಿದ್ದರೆ ಅದಕ್ಕೆ ಬಲ ಕೊಡಿ, ಇಲ್ಲವೇ ಕಿತ್ತುಹಾಕಿ. ಗೆರೆ ಸಮಸಮ ಬಿದ್ದರೂ ಯಾರೂ ಯೋಚನೆ ಮಾಡದಿದ್ದರೆ ಎರಡು ಮೋಡ್ ತೀರಾ ಒಂದೇ ಥರ ಇವೆ ಅಂತ ಅರ್ಥ. ಹೊಸ ಓಬವ್ವನ ಕಾರ್ಡ್ ಜೊತೆ ಆ ಹಾಳೆಯ ಫೋಟೋವನ್ನೂ ಕಳಿಸಿ. ಹೈದರಾಲಿ ಕಡೆಯ ಕಾರ್ಡ್‌ಗಳ ಬಗ್ಗೆ ನೀವು ಏನೂ ಬರೆದಿಲ್ಲ, ಅವನ್ನೂ ನೋಡಬೇಕು.